ಶ್ರುತಿ, ಸೊಲ್ಲು, ಸುರುಳಿ: ಮಿತಸಂಗೀತದ ಒಂದು ಪರಿಚಯ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ 1960ರ ಸುಮಾರಿಗೆ ತಲೆದೋರಿ ಇಂದಿಗೂ ಬೆಳೆಯುತ್ತಿರುವ ಒಂದು ಪಂಥಕ್ಕೆ ಮಿನಿಮಲಿಸಂ ಎಂದು ಹೆಸರು. ಕೆಲವೇ ಸ್ವರಗಳು, ಒಂದು ಸಣ್ಣ ಸ್ವರಗುಚ್ಛ, ಅದರ ದೀರ್ಘವಾದ ಪುನರಾವೃತ್ತಿ, ಅಥವಾ ಒಂದೇ ನಾದವನ್ನು ಗಂಟೆಗಟ್ಟಲೆ ನಿಲ್ಲಿಸುವುದು: ಇಷ್ಟೇ ಇದರ ಸಾಮಗ್ರಿ. ಸಾಮಗ್ರಿಯ ಮಿತಿಯೇ ಇದರ ಲಕ್ಷಣವಾದ್ದರಿಂದ ನಾವು ಇದನ್ನು ಮಿತಸಂಗೀತವೆಂದು ಕರೆಯುತ್ತೇವೆ. ಈ ಪಂಥವು ಹುಟ್ಟಿದಂದಿನಿಂದಲೂ ಧ್ವನಿಮುದ್ರಣ ಯಂತ್ರದೊಡನೆ ಕೂಡಿಯೇ ಬೆಳೆದಿದೆ. ಈಗಂತೂ ಪಿಯಾನೋ, ಪಿಟೀಲು ಮೊದಲಾದ ವಾದ್ಯಗಳ ನಾದವನ್ನೂ ವಿದ್ಯುತ್ತಿನಿಂದ ಹುಟ್ಟಿಸಿದ ನಾದವನ್ನೂ ಸ್ಟುಡಿಯೋದಲ್ಲಿ ಬೆರೆಸಿ ಸಿದ್ಧಪಡಿಸಿದ ಕೃತಿಗಳೇ ಇದರಲ್ಲಿ ಹೆಚ್ಚು. ನಮ್ಮ ವಿದ್ಯಾರ್ಥಿಗಳು ಚಲನಚಿತ್ರಗಳ ಹಿನ್ನೆಲೆಯಲ್ಲಿ, ಸಾಕ್ಷ್ಯಚಿತ್ರಗಳಲ್ಲಿ, ಓದುವಾಗ ಕಿವಿಗೆ ಹಾಕಿಕೊಳ್ಳುವ ಸಂಗೀತದಲ್ಲಿ ಇದನ್ನು ಹೆಸರು ತಿಳಿಯದೆಯೇ ದಿನವೂ ಕೇಳುತ್ತಿದ್ದಾರೆ.

ಇದು ನಮಗೆ ತೀರ ಹೊರಗಿನದೆಂದು ಭಾವಿಸುವವರುಂಟು; ನಮ್ಮಲ್ಲಿ ಮೊದಲೇ ಇದ್ದುದನ್ನೇ ಅವರು ಎರವಲು ತೆಗೆದುಕೊಂಡರೆಂದು ಹೆಮ್ಮೆಪಡುವವರೂ ಉಂಟು. ಎರಡೂ ಅವಸರದ ಮಾತುಗಳು. ಈ ಸಂಗೀತದ ಸ್ವಾರಸ್ಯವೆಲ್ಲ ಒಂದು ಪ್ರಶ್ನೆಯಲ್ಲಿ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಯಂತ್ರವು ಮಾಡುವ ಪುನರಾವೃತ್ತಿಗೂ ಮನುಷ್ಯನು ಮಾಡುವ ಪುನರಾವೃತ್ತಿಗೂ ಇರುವ ಕೂದಲೆಳೆಯ ಅಂತರವೇನು? ಇದನ್ನು ಮೊದಲು ಅಮೆರಿಕದ ಉದಾಹರಣೆಗಳಿಂದ ವಿವರಿಸಿ, ಬಳಿಕ ತಂಬೂರಿಯ ವಿಚಾರಕ್ಕೆ ಬಂದು, ಕೊನೆಗೆ ಚಾಮರಾಜನಗರ ಸೀಮೆಯ ನೀಲಗಾರರ ಹಾಡಿಕೆಯನ್ನು ಇದೇ ದೃಷ್ಟಿಯಿಂದ ನೋಡೋಣ. ನಮ್ಮ ಜಾನಪದ ಸಂಗ್ರಹಕಾರ್ಯಕ್ಕೆ ಇದರಿಂದ ಒಂದು ಪ್ರಯೋಜನವುಂಟೆಂದು ತೋರುವುದರಿಂದಲೇ ಈ ವಿಷಯವನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಈ ಪಂಥದ ಮೊದಲಿಗರಲ್ಲಿ ಲಾ ಮಾಂಟ್ ಯಂಗ್ ಎಂಬಾತನ ಹೆಸರು ಮುಖ್ಯವಾದುದು. ಈತನು 1958ರಲ್ಲಿ ರಚಿಸಿದ ಮೂರು ತಂತಿವಾದ್ಯಗಳ ಕೃತಿಯಲ್ಲಿ ಒಂದೊಂದು ಸ್ವರವೂ ಕೇಳುವವನ ತಾಳ್ಮೆಯನ್ನು ಪರೀಕ್ಷಿಸುವಷ್ಟು ದೀರ್ಘವಾಗಿ ನಿಲ್ಲುತ್ತದೆ. 1964ರಲ್ಲಿ ಟೆರಿ ರೈಲಿಯ ‘ಇನ್ ಸಿ’ ಎಂಬ ಕೃತಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಮೊದಲ ಸಲ ಪ್ರಯೋಗವಾಯಿತು. ಅದು ನಡೆದದ್ದು ಟೇಪು ಸಂಗೀತಕ್ಕೆಂದೇ ಏರ್ಪಟ್ಟಿದ್ದ ಒಂದು ಕೇಂದ್ರದಲ್ಲಿ ಎಂಬುದು ಗಮನಿಸತಕ್ಕ ಸಂಗತಿ. ಇದರಲ್ಲಿ 53 ಸಣ್ಣ ಸ್ವರಗುಚ್ಛಗಳಿವೆ. ವಾದಕರು ಎಷ್ಟು ಮಂದಿಯಾದರೂ ಇರಬಹುದು. ಪ್ರತಿಯೊಬ್ಬನೂ ಒಂದೊಂದು ಗುಚ್ಛವನ್ನು ತನಗೆ ಸಾಕೆನಿಸುವಷ್ಟು ಸಲ ನುಡಿಸಿ ಮುಂದಿನದಕ್ಕೆ ಹೋಗುತ್ತಾನೆ. ಎಲ್ಲರನ್ನೂ ಒಂದು ನೆಲೆಯಲ್ಲಿ ಹಿಡಿದಿಡುವುದು ಪಿಯಾನೋದ ಮೇಲ್‌ಸ್ಥಾಯಿಯಲ್ಲಿ ಒಂದೇ ಸಮನೆ ಮಿಡಿಯುತ್ತಿರುವ ಒಂದು ಷಡ್ಜ.

ಯಂತ್ರದ ಪಾತ್ರವು ಸ್ಪಷ್ಟವಾಗುವುದು ಸ್ಟೀವ್ ರೈಕ್‌ನ ಕೃತಿಗಳಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ನಗರದ ಒಂದು ಚೌಕದಲ್ಲಿ ನೋಹನ ಕಾಲದ ಪ್ರಳಯವನ್ನು ಕುರಿತು ಆವೇಶದಿಂದ ಉಪದೇಶಮಾಡುತ್ತಿದ್ದ ಒಬ್ಬ ಬೋಧಕನ ಮಾತನ್ನು ಈತನು ಟೇಪಿನಲ್ಲಿ ಹಿಡಿದಿದ್ದನು. ಅದರಲ್ಲಿ ಮಳೆ ಬರಲಿದೆಯೆಂಬ ಅರ್ಥದ ಒಂದು ತುಣುಕನ್ನು ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಬಳೆಯಂತೆ ಮಾಡಿ ಯಂತ್ರದ ಮೇಲೆ ಸುತ್ತಲು ಬಿಟ್ಟನು. ಅಂಥದೇ ಇನ್ನೊಂದು ಬಳೆಯನ್ನು ಇನ್ನೊಂದು ಯಂತ್ರದ ಮೇಲೆ ಹಾಕಿದನು. ಎರಡೂ ಒಟ್ಟಿಗೇ ಹೊರಟವು. ಆದರೆ ಯಾವ ಎರಡು ಯಂತ್ರಗಳ ವೇಗವೂ ಪೂರ್ತಿ ಒಂದಾಗಿರುವುದಿಲ್ಲ. ಎರಡನೆಯದು ತುಸು ಹಿಂದಾಯಿತು, ಇನ್ನೂ ತುಸು ಹಿಂದಾಯಿತು. ಮೊದಲು ಒಂದೇ ದನಿಯಾಗಿ ಕೇಳಿದ್ದು ಅನಂತರ ಮಾರ್ದನಿಯಾಯಿತು. ಕ್ರಮೇಣ ಮಾತಿನ ಅರ್ಥವು ಕರಗಿ ಬರಿಯ ಲಯವೂ ಸ್ವರವೂ ಉಳಿದವು. 1965ರ ಈ ಕೃತಿಯ ಹೆಸರು ‘ಇಟ್ಸ್ ಗೊನ್ನ ರೇನ್’. ಮರುವರ್ಷ ಈತನು ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದಲ್ಲಿ ಪೋಲೀಸರಿಂದ ಏಟು ತಿಂದ ಒಬ್ಬ ತರುಣನ ಹೇಳಿಕೆಯ ಐದಾರು ಶಬ್ದಗಳನ್ನು ತೆಗೆದುಕೊಂಡು ‘ಕಮ್ ಔಟ್’ ಎಂಬ ಕೃತಿಯನ್ನು ಮಾಡಿದನು. ಅದು ಆ ಮೊಕದ್ದಮೆಯ ಮರುವಿಚಾರಣೆಗೆ ಹಣ ಕೂಡಿಸುವ ಸಭೆಗಾಗಿ ಮಾಡಿದ್ದು. ಈ ಸಂಗೀತಕ್ಕೆ ಲೋಕದ ಗೊಡವೆಯಿಲ್ಲವೆನ್ನುವವರು ಇದನ್ನು ನೆನೆಯಬೇಕು.

ಇಲ್ಲಿ ನಡೆಯುವ ಗಣಿತವು ನಮ್ಮ ತಾಳಶಾಸ್ತ್ರವನ್ನು ಬಲ್ಲವರಿಗೆ ಹೊಸದಲ್ಲ. ಒಂದು ಬಳೆ ಸುತ್ತಲು 10 ಸೆಕೆಂಡು, ಇನ್ನೊಂದಕ್ಕೆ 10.1 ಸೆಕೆಂಡು ಹಿಡಿಯುತ್ತದೆನ್ನೋಣ. ಮೊದಲನೆಯದು 101 ಸುತ್ತು, ಎರಡನೆಯದು 100 ಸುತ್ತು ಮುಗಿಸಿದಾಗ, ಎಂದರೆ 1010 ಸೆಕೆಂಡುಗಳ ಬಳಿಕ, ಎರಡೂ ಮತ್ತೆ ಕೂಡುತ್ತವೆ. ಸುಮಾರು ಹದಿನೇಳು ನಿಮಿಷಗಳ ಆ ಅವಧಿಯಲ್ಲಿ ಒಂದು ಸುತ್ತಿನಂತೆ ಇನ್ನೊಂದು ಸುತ್ತು ಕೇಳುವುದಿಲ್ಲ. ಎಂಟಕ್ಷರದ ಆದಿತಾಳದ ಮೇಲೆ ಏಳಕ್ಷರದ ಒಂದು ಜತಿಯನ್ನು ಎಡೆಬಿಡದೆ ನುಡಿಸುತ್ತ ಹೋದರೆ ಏಳು ಆವರ್ತಗಳಾದ ಮೇಲೆ, 56ನೆಯ ಅಕ್ಷರ ಮುಗಿದಾಗ, ಜತಿಯು ಸಮಕ್ಕೆ ಬಂದು ಸೇರುವುದೂ ಇದೇ ತತ್ತ್ವದಿಂದ. ವ್ಯತ್ಯಾಸವೆಂದರೆ ಮೃದಂಗದವನ ಲೆಕ್ಕ ಪೂರ್ಣಾಂಕಗಳದು. ಸಭಿಕರು ಕೈಯಲ್ಲಿ ತಾಳಹಾಕುತ್ತ ಆ ಸೇರುವಿಕೆಗಾಗಿ ಕಾಯುತ್ತಾರೆ. ರೈಕ್‌ನ ಯಂತ್ರಗಳಲ್ಲಿ ಎಣಿಸಲು ಏನೂ ಇಲ್ಲ. ಜಾರುವಿಕೆಯೇ ಇಲ್ಲಿ ಸಂಗೀತ.

ಇದಾದಮೇಲೆ ಆತನು ಯಂತ್ರವನ್ನು ಬಿಟ್ಟು ಮನುಷ್ಯರ ಕಡೆಗೆ ತಿರುಗಿದನು. 1967ರ ‘ಪಿಯಾನೋ ಫೇಸ್’ನಲ್ಲಿ ಇಬ್ಬರು ವಾದಕರು ಹನ್ನೆರಡು ಸ್ವರಗಳ ಒಂದೇ ಸಾಲನ್ನು ಒಟ್ಟಿಗೆ ನುಡಿಸಲಾರಂಭಿಸುತ್ತಾರೆ; ಒಬ್ಬನು ತನ್ನ ವೇಗವನ್ನು ಬದಲಿಸದೆ ನಿಲ್ಲುತ್ತಾನೆ, ಇನ್ನೊಬ್ಬನು ತಿಳಿದೂ ತಿಳಿಯದಷ್ಟು ಮುಂದೊತ್ತಿ ಒಂದು ಸ್ವರದಷ್ಟು ಮುಂದಾಗುತ್ತಾನೆ. ಯಂತ್ರಕ್ಕೆ ತಾನೇ ತಾನಾಗಿ ಆದುದನ್ನು ಮನುಷ್ಯನು ಅಭ್ಯಾಸದಿಂದ ಸಾಧಿಸಬೇಕಾಯಿತು. ಈ ಪಂಥದ ಇತಿಹಾಸದಲ್ಲಿ ಇದಕ್ಕಿಂತ ಬೋಧಪ್ರದವಾದ ಘಟ್ಟ ಇನ್ನೊಂದಿಲ್ಲ.

ಫಿಲಿಪ್ ಗ್ಲಾಸ್ ಕೂಡ ಇದೇ ಕಾಲದವನು. ಪ್ಯಾರಿಸಿನಲ್ಲಿ ಒಂದು ಚಲನಚಿತ್ರಕ್ಕಾಗಿ ರವಿಶಂಕರರ ಸಂಗೀತವನ್ನು ಪಾಶ್ಚಾತ್ಯ ಲಿಪಿಗೆ ಇಳಿಸುವ ಕೆಲಸ ಈತನ ಪಾಲಿಗೆ ಬಂದಿತು. ಸಣ್ಣ ಲಯಖಂಡಗಳನ್ನು ಕೂಡಿಸುತ್ತ ದೊಡ್ಡ ಆವರ್ತಗಳನ್ನು ಕಟ್ಟುವ ರೀತಿಯನ್ನು ಕಂಡುಕೊಂಡದ್ದು ಅಲ್ಲಿಯೇ. ಗಾಂಧೀಜಿಯವರ ದಕ್ಷಿಣ ಆಫ್ರಿಕದ ಹೋರಾಟವನ್ನು ಕುರಿತ ಈತನ ಗೀತನಾಟಕ ‘ಸತ್ಯಾಗ್ರಹ’ದ ಮಾತೆಲ್ಲವೂ ಭಗವದ್ಗೀತೆಯಿಂದ ಆಯ್ದ ಸಂಸ್ಕೃತ, 1980ರಲ್ಲಿ ಅದು ರಾಟರ್‌ಡ್ಯಾಮ್ ನಗರದಲ್ಲಿ ಮೊದಲು ರಂಗವೇರಿತು.

ಆದರೆ ಭಾರತದ ಸಂಬಂಧವು ಇದಕ್ಕಿಂತ ಆಳವಾಗಿರುವುದು ಯಂಗ್ ಮತ್ತು ರೈಲಿಯವರ ವಿಷಯದಲ್ಲಿ. ಅದರ ಬೇರಿನ ಒಂದು ಎಳೆ ಕನ್ನಡನಾಡಿಗೂ ಹಬ್ಬಿದೆ. ಯಂಗ್‌ನಿಗೆ ಎಳೆವಯಸ್ಸಿನಲ್ಲೇ ಅಲಿ ಅಕ್ಬರ್ ಖಾನರ ಧ್ವನಿಮುದ್ರಿಕೆಯೊಂದರಿಂದ ತಂಬೂರಿಯ ನಾದದ ಪರಿಚಯವಾಗಿತ್ತು. 1970ರಲ್ಲಿ ಪಂಡಿತ್ ಪ್ರಾಣನಾಥರು ಅಮೆರಿಕಕ್ಕೆ ಹೋದಾಗ ಇವರಿಬ್ಬರೂ ಅವರ ಶಿಷ್ಯರಾದರು. ಪ್ರಾಣನಾಥರು ಕಿರಾಣಾ ಘರಾನೆಯ ಅಬ್ದುಲ್ ವಹೀದ್ ಖಾನರ ಶಿಷ್ಯರು. ಅದೇ ಘರಾನೆಯ ಇನ್ನೊಂದು ಕವಲಿನ ಮೂಲಪುರುಷರು ಮೀರಜಿನಲ್ಲಿ ನೆಲೆಸಿ ಮೈಸೂರು ಆಸ್ಥಾನದಲ್ಲಿಯೂ ಹಾಡಿ ಮಾನ್ಯರಾಗಿದ್ದ ಅಬ್ದುಲ್ ಕರೀಮ್ ಖಾನರು. ಅವರಿಂದ ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರು: ಈ ಪರಂಪರೆ ನಮ್ಮ ವಾಚಕರಿಗೆ ತಿಳಿದದ್ದೇ. ಒಂದು ಸ್ವರದ ಮೇಲೆ ನಿಂತು ಅದರ ಒಡಲನ್ನು ನಿಧಾನವಾಗಿ ತೆರೆದು ತೋರಿಸುವ ಕಿರಾಣಾ ಮನೋಧರ್ಮವು ಒಂದು ಕಡೆ ಧಾರವಾಡ ಸೀಮೆಯಲ್ಲಿ ರಾಗವಿಸ್ತಾರವಾಗಿ ಅರಳಿತು; ಇನ್ನೊಂದು ಕಡೆ ನ್ಯೂಯಾರ್ಕಿನ ಒಂದು ಮಹಡಿಯಲ್ಲಿ, ಆಗಲೇ ದೀರ್ಘನಾದದ ಬೆನ್ನುಹತ್ತಿದ್ದವರಿಗೆ ಶಾಸ್ತ್ರದ ಆಧಾರವನ್ನು ಒದಗಿಸಿತು. ಯಂಗ್‌ನು ವಿದ್ಯುತ್ತಿನಿಂದ ಹುಟ್ಟಿಸಿದ ಶುದ್ಧನಾದಗಳನ್ನು ಗೊತ್ತಾದ ಪ್ರಮಾಣಗಳಲ್ಲಿ ಜೊತೆಗೂಡಿಸಿ ದಿನಗಟ್ಟಲೆ ಮೊಳಗಲು ಬಿಡುತ್ತಿದ್ದನು. ನಮ್ಮಲ್ಲಿ ಶ್ರುತಿಯು ಭಿತ್ತಿ, ರಾಗವು ಚಿತ್ರ. ಆತನು ಚಿತ್ರವನ್ನು ತೆಗೆದು ಭಿತ್ತಿಯನ್ನೇ ನೋಡಲು ಹೇಳಿದನು.

ಭಿತ್ತಿಯಲ್ಲಿ ನೋಡಲು ಏನಿದೆಯೆಂದು ಕೇಳಬಹುದು. ತಂಬೂರಿಯ ಮಂದ್ರ ಷಡ್ಜದ ತಂತಿಯು ಸೆಕೆಂಡಿಗೆ 100 ಸಲ ಕಂಪಿಸುತ್ತದೆಂದು ಲೆಕ್ಕಕ್ಕೆ ಹಿಡಿಯೋಣ. ಅದೇ ತಂತಿಯಲ್ಲಿ 200, 300, 400, 500 ಕಂಪನಗಳ ಉಪನಾದಗಳೂ ಒಟ್ಟಿಗೇ ಹುಟ್ಟುತ್ತವೆ. 300 ಎಂಬುದು ಪಂಚಮ. 500 ಎಂಬುದು ಅಂತರ ಗಾಂಧಾರ. ಯಾರೂ ಮೀಟದ ಈ ಗಾಂಧಾರವು ತಾನೇ ಕೇಳಿಬರುವುದರಿಂದ ಅದನ್ನು ಸ್ವಯಂಭೂ ಎನ್ನುತ್ತಾರೆ. ಸಾಮಾನ್ಯ ತಂತಿವಾದ್ಯಗಳಲ್ಲಿ ಈ ಉಪನಾದಗಳು ಕ್ಷಣದಲ್ಲಿ ಅಡಗಿಹೋಗುತ್ತವೆ. ತಂಬೂರಿಯ ಕುದುರೆಯ ಬಾಗಿದ ಮೈಯೂ ಅದರ ಮೇಲೆ ತಂತಿಯ ಕೆಳಗೆ ಸಿಕ್ಕಿಸುವ ಜೀವಾಳದ ನೂಲೂ ಅವನ್ನು ಉಳಿಸಿ ಬೆಳೆಸುತ್ತವೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟಿದರೆ ಯಾವ ಉಪನಾದವು ಹುಟ್ಟಕೂಡದೆಂದು ಭೌತಶಾಸ್ತ್ರದ ನಿಯಮವೊಂದಿದೆಯಷ್ಟೆ. ತಂಬೂರಿ ಮತ್ತು ವೀಣೆಗಳಲ್ಲಿ ಆ ನಿಯಮವು ನಡೆಯುವುದಿಲ್ಲವೆಂಬುದನ್ನು ಸಿ. ವಿ. ರಾಮನ್ ಅವರು 1921ರಲ್ಲೇ ಪ್ರಕಟಿಸಿದ್ದರು. ಅವರು ಬೆಂಗಳೂರಿಗೆ ಬಂದದ್ದು 1933ರಲ್ಲಿ. ಒಂದು ಎಳೆ ನೂಲನ್ನು ಅತ್ತಿತ್ತ ಸರಿಸಿ ನಾದದ ಬಣ್ಣವನ್ನು ಹೊಂದಿಸುವ ತಂಬೂರಿಗಾರನೂ, ಗುಂಡಿ ತಿರುಗಿಸಿ ಉಪನಾದಗಳನ್ನು ಹೆಚ್ಚುಕಡಮೆ ಮಾಡುವ ಸ್ಟುಡಿಯೋದ ಶಬ್ದತಜ್ಞನೂ ಮಾಡುವ ಕೆಲಸ ಮೂಲತಃ ಒಂದೇ.

ಸ್ಟುಡಿಯೋದ ಬೆಳವಣಿಗೆಯನ್ನು ಇಲ್ಲಿ ವಿಸ್ತರಿಸುವುದು ಅನಾವಶ್ಯಕ. ಪ್ಯಾರಿಸಿನ ರೇಡಿಯೋ ನಿಲಯದಲ್ಲಿ ಪಿಯೇರ್ ಶೇಫರ್ 1948ರಲ್ಲಿ ಮುದ್ರಿತ ಶಬ್ದಗಳಿಂದಲೇ ಸಂಗೀತ ಕಟ್ಟಿದನು. ಬ್ರಯಾನ್ ಈನೋ 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ನಲ್ಲಿ ಬೇರೆ ಬೇರೆ ಉದ್ದದ ಟೇಪಿನ ಬಳೆಗಳನ್ನು ಒಟ್ಟಿಗೆ ಸುತ್ತಲು ಬಿಟ್ಟನು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಡೇವಿಡ್ ಟ್ಯೂಡರ್ ಒಂದು ಮೂಗ್ ನಾದಯಂತ್ರವನ್ನು ಸ್ಥಾಪಿಸಿದನು. 1972ರವರೆಗೆ ಗೀತಾ ಸಾರಾಭಾಯಿ ಮೊದಲಾದ ಭಾರತೀಯರು ಅದರಲ್ಲಿ ಕೃತಿಗಳನ್ನು ಮಾಡಿದರು. ಆ ಸುರುಳಿಗಳು ದಶಕಗಳ ಕಾಲ ಅಲ್ಲಿಯೇ ಬಿದ್ದಿದ್ದು, 2023ರಲ್ಲಿ ಮೊದಲ ಸಲ ಸಾರ್ವಜನಿಕರಿಗೆ ದೊರೆತವು. ಇಂದಿನ ತಲೆಮಾರಿನಲ್ಲಿ ಮ್ಯಾಕ್ಸ್ ರಿಕ್ಟರ್ ಹೆಸರಾದವನು. 2015ರ ಈತನ ‘ಸ್ಲೀಪ್’ ಎಂಟು ಗಂಟೆಗೂ ಮೀರಿದ ಕೃತಿ. ಪಿಯಾನೋ, ತಂತಿವಾದ್ಯಗಳು, ಸ್ತ್ರೀಕಂಠ, ತಳದಲ್ಲಿ ವಿದ್ಯುನ್ನಾದ; ಕೇಳುವವರು ಮಲಗಿ ನಿದ್ರಿಸಲೆಂದೇ ಮಾಡಿದ್ದು. ಬೆಂಗಳೂರಿನ ರಿಕಿ ಕೇಜ್ ಅವರಿಗೆ 2015ರಲ್ಲಿ ಗ್ರ್ಯಾಮಿ ಪ್ರಶಸ್ತಿ ತಂದ ‘ವಿಂಡ್ಸ್ ಆಫ್ ಸಂಸಾರ’ವೂ ಸ್ಟುಡಿಯೋದ ಬೆಸುಗೆಯಿಂದಾದದ್ದೇ; ಆದರೆ ಅದರ ಗುಣ ಸಮೃದ್ಧಿಯೇ ಹೊರತು ಮಿತಿಯಲ್ಲ. ಮಿತಸಂಗೀತವೆಂಬ ಹೆಸರಿನಲ್ಲಿ ಈಗ ಹೊರಬರುತ್ತಿರುವುದರಲ್ಲಿ ಬಹುಪಾಲು ಗೋಡೆಗೆ ಬಳಿದ ತಿಳಿಬಣ್ಣದಂತೆ ಇದೆಯೆಂದು ಹೇಳದೆ ವಿಧಿಯಿಲ್ಲ. ನಾಲ್ಕು ಸ್ವರಗಳ ತುಣುಕನ್ನು ಗಣಕಯಂತ್ರವು ನೂರು ಸಲ ತಪ್ಪಿಲ್ಲದೆ ಹೇಳಬಲ್ಲದು. ತಪ್ಪಿಲ್ಲದಿರುವುದೇ ಅದರ ದೋಷ.

ಈ ಮಾತಿಗೆ ನಮ್ಮ ಮನೆಯಲ್ಲೇ ಸಾಕ್ಷಿಯಿದೆ. ವಿದ್ಯುನ್ಮಾನ ತಂಬೂರಿಯು ಬೆಂಗಳೂರಿನ ಕೊಡುಗೆ. ಎಂಜಿನಿಯರರೂ ಕೊಳಲುವಾದಕರೂ ಆದ ಜಿ. ರಾಜನಾರಾಯಣ್ ಅವರು 1970ರ ದಶಕದ ಕೊನೆಗೆ ಇದನ್ನು ರೂಪಿಸಿ, ತಮ್ಮ ರಾಡೆಲ್ ಸಂಸ್ಥೆಯ ಮೂಲಕ ಬಳಕೆಗೆ ತಂದರು. ಇದರ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಒಳ್ಳೆಯ ತಂಬೂರಿ ಕೊಳ್ಳಲಾಗದ, ಅದನ್ನು ಹಿಡಿದು ಕೂರುವವರಿಲ್ಲದ ಅದೆಷ್ಟೋ ವಿದ್ಯಾರ್ಥಿಗಳಿಗೆ ಶ್ರುತಿಯು ಕೈಗೆಟುಕಿದ್ದು ಇದರಿಂದ. ಈಗ ಫೋನಿನಲ್ಲೇ ತಂಬೂರಿ ಬಂದಿದೆ. ಆದರೆ ಮರದ ತಂಬೂರಿಯನ್ನು ಮೀಟುವ ಬೆರಳು ಎರಡು ಸಲ ಒಂದೇ ಬಲದಿಂದ ಮೀಟುವುದಿಲ್ಲ. ನಾಲ್ಕು ತಂತಿಗಳ ನಡುವಣ ಕಾಲವೂ ಎಳ್ಳಷ್ಟು ಹೆಚ್ಚುಕಡಮೆಯಾಗುತ್ತಿರುತ್ತದೆ. ಸ್ವಯಂಭೂ ಗಾಂಧಾರವು ಒಂದು ಸುತ್ತಿನಲ್ಲಿ ಬೆಳಗಿ ಇನ್ನೊಂದರಲ್ಲಿ ಮಂಕಾಗುವುದು ಇದರಿಂದಲೇ. ಶ್ರುತಿಯನ್ನು ಯಂತ್ರಕ್ಕೆ ಒಪ್ಪಿಸಿದ ವಿದ್ಯಾರ್ಥಿಗೆ ಷಡ್ಜ ಸಿಕ್ಕುತ್ತದೆ. ಷಡ್ಜವನ್ನು ಹುಡುಕಿ ಕೂಡಿಸುವ ಅಭ್ಯಾಸ ತಪ್ಪುತ್ತದೆ.

ತಂಬೂರಿಯು ಸಂಗೀತ ಸಭೆಗಳ ಸ್ವತ್ತು ಮಾತ್ರವಲ್ಲ. ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರ ಹೆಗಲ ಮೇಲೂ ಅದು ಇದೆ; ಜನರ ಬಾಯಲ್ಲಿ ಅದಕ್ಕೆ ತಂಬೂರಿ ಪದವೆಂದೇ ಹೆಸರು. ಚಾಮರಾಜನಗರ, ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಹರಕೆ ಹೊತ್ತವರ ಮನೆಯ ಮುಂದೆ, ಚಿಕ್ಕಲ್ಲೂರಿನ ಜಾತ್ರೆಯಲ್ಲಿ, ಇವರು ಮಂಟೇಸ್ವಾಮಿ, ರಾಚಪ್ಪಾಜಿ, ಸಿದ್ದಪ್ಪಾಜಿಯವರ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ಈ ಸೀಮೆಯ ನಡುವಣ ಊರು. ಅಲ್ಲಿಂದಲೂ ಸುತ್ತಣ ಹಳ್ಳಿಗಳಿಂದಲೂ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಮಿತಸಂಗೀತದ ಪಾಠವನ್ನು ‘ಇನ್ ಸಿ’ಯಿಂದ ಆರಂಭಿಸುವುದಕ್ಕಿಂತ ನೀಲಗಾರರ ಸೊಲ್ಲಿನಿಂದ ಆರಂಭಿಸುವುದು ಮೇಲು. ಇವೆರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ರೈಲಿಗೆ ಮಂಟೇಸ್ವಾಮಿಯ ಹೆಸರು ಬೇಕಾಗಿರಲಿಲ್ಲ. ನೀಲಗಾರರಿಗೆ ರೈಲಿಯ ಹಂಗಿಲ್ಲ. ಸಾಮ್ಯವಿರುವುದು ಉಪಾಯದಲ್ಲಿ.

ಮುಮ್ಮೇಳದ ಹಾಡುಗಾರರು ತಂಬೂರಿಯನ್ನು ಮೀಟುತ್ತ ಕಥೆಯ ಒಂದೆರಡು ಪಂಕ್ತಿಗಳನ್ನು ಹಾಡಿ ನಿಲ್ಲಿಸುತ್ತಾರೆ. ಕೂಡಲೆ ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಗಗ್ಗರ, ಡಕ್ಕೆ, ತಾಳಗಳು ಜೊತೆಗಿರುತ್ತವೆ. ಇಲ್ಲಿ ತಂಬೂರಿಯ ಮೀಟು ಶ್ರುತಿಗೆ ಮಾತ್ರ ಸೇರಿದ್ದಲ್ಲ, ಲಯಕ್ಕೂ ಸೇರಿದ್ದು. ‘ಇನ್ ಸಿ’ಯಲ್ಲಿ ಪಿಯಾನೋದ ಷಡ್ಜವು ಮಾಡುವ ಎರಡು ಕೆಲಸಗಳನ್ನೂ ಅದೊಂದೇ ಮಾಡುತ್ತದೆ. ಒಂದು ಸಾಲು ಮುಗಿಯುವಷ್ಟರಲ್ಲಿ ಅದೇ ಸೊಲ್ಲು ಹಲವು ನೂರು ಸಲ ಬಂದುಹೋಗಿರುತ್ತದೆ. ಕೇಳುವವರಲ್ಲಿ ಮಕ್ಕಳು ಮಲಗಿಬಿಡುತ್ತಾರೆ, ದೊಡ್ಡವರು ತೂಕಡಿಸಿ ಎಚ್ಚೆತ್ತರೆ ಸೊಲ್ಲು ಇನ್ನೂ ನಡೆಯುತ್ತಲೇ ಇರುತ್ತದೆ. ‘ಸ್ಲೀಪ್’ ಕೃತಿಯ ಸಭೆಗೆ ಹಾಸಿಗೆಗಳನ್ನು ಹಾಕಿಸಿದ ಸುದ್ದಿಯನ್ನು ಓದಿ ಬೆರಗಾದವರು ನಮ್ಮ ಜಗಲಿಗಳನ್ನು ನೆನೆದುಕೊಳ್ಳಬಹುದು. ಹಾಗೆಂದು ಇದು ನಿದ್ರೆಯ ಸಂಗೀತವಲ್ಲ. ಸೊಲ್ಲು ಮರಳಿ ಬಂದಾಗಲೆಲ್ಲ ಹಿಂದಿನಂತೆಯೇ ಇರುವುದಿಲ್ಲ. ಕಥೆಯಲ್ಲಿ ಸಂಕಟವು ಬಂದಾಗ ಹಿಮ್ಮೇಳವು ತುಸು ಬೇಗ ಎತ್ತಿಕೊಳ್ಳುತ್ತದೆ. ಹಾಡುಗಾರರ ಕೊನೆಯ ಶಬ್ದದ ಮೇಲೆಯೇ ಬಂದು ಬೀಳುತ್ತದೆ. ಎರಡು ದನಿಗಳು ಒಂದರ ಮೇಲೊಂದು ಜಾರುತ್ತವೆ. ರೈಕ್‌ನು ಎರಡು ಯಂತ್ರಗಳಲ್ಲಿ ಕೇಳಿದ್ದು ಇಂಥದನ್ನೇ. ಅಲ್ಲಿ ಜಾರುವಿಕೆಗೆ ಕಾರಣ ಮೋಟಾರು, ಇಲ್ಲಿ ಕಥೆ.

ಇಷ್ಟು ಹೇಳಿದಮೇಲೆ ನಮ್ಮ ವಿಭಾಗಗಳಿಗೆ ಸಂಬಂಧಪಟ್ಟ ಒಂದು ಮಾತನ್ನು ಹೇಳಬೇಕಾಗಿದೆ. ಮಂಟೇಸ್ವಾಮಿ ಮತ್ತು ಮಲೆಯ ಮಾದೇಶ್ವರನ ಕಾವ್ಯಗಳನ್ನು ವಿದ್ವಾಂಸರು ಬಹು ಶ್ರಮದಿಂದ ಸಂಗ್ರಹಿಸಿ ಪ್ರಕಟಿಸಿದ್ದಾರೆ. ಪಿ. ಕೆ. ರಾಜಶೇಖರ ಅವರ ‘ಮಲೆಯ ಮಾದೇಶ್ವರ’ 1973ರಷ್ಟು ಹಿಂದೆಯೇ ಬಂದಿತು. ಈ ಬಗೆಯ ಗ್ರಂಥಗಳಿಂದ ನಮ್ಮ ಸಾಹಿತ್ಯಚರಿತ್ರೆಯ ದೃಷ್ಟಿಯೇ ಬದಲಾಯಿತೆಂಬುದು ನಿರ್ವಿವಾದ. ಆದರೆ ಸೊಲ್ಲನ್ನು ಆರಂಭದಲ್ಲಿ ಒಮ್ಮೆ ಅಚ್ಚುಹಾಕಿ ಅನಂತರ ಬಿಟ್ಟುಬಿಡುವುದು ಇಂಥ ಸಂಪಾದನೆಗಳಲ್ಲಿ ಸಾಮಾನ್ಯ ರೂಢಿ. ಕಾಗದದ ಖರ್ಚನ್ನು ಯೋಚಿಸಿದರೆ ಅದು ಸಹಜವೇ. ಅದರ ಹಿಂದೆ ಇನ್ನೊಂದು ನಂಬಿಕೆಯೂ ಇದೆ: ಕಾವ್ಯವೆಂದರೆ ಮಾತು, ಪುನರುಕ್ತಿಯೆಂದರೆ ದೋಷ. ಅಲಂಕಾರಶಾಸ್ತ್ರವನ್ನು ಓದಿದ ನಮಗೆ ಪುನರುಕ್ತಿಯನ್ನು ಕಂಡೊಡನೆ ಕೈ ಕತ್ತರಿಯ ಕಡೆಗೆ ಹೋಗುತ್ತದೆ. ಮಿತಸಂಗೀತವನ್ನು ಕಿವಿಗೊಟ್ಟು ಕೇಳಿದವನಿಗೆ ಹಾಗೆ ಮಾಡಲು ಧೈರ್ಯ ಬಾರದು. ನೂರನೆಯ ಸಲ ಬಂದ ಸೊಲ್ಲು ಮೊದಲನೆಯ ಸಲ ಬಂದ ಸೊಲ್ಲಲ್ಲ. ಎಷ್ಟು ಪಂಕ್ತಿಗಳಿಗೊಮ್ಮೆ ಬಂದಿತು, ಎಷ್ಟು ಬೇಗ ಬಂದಿತು, ಎಲ್ಲಿ ಬಾರದೆ ಉಳಿಯಿತು ಎಂಬುದೂ ಕಾವ್ಯದ ಭಾಗವೇ. ಕ್ಯಾಸೆಟ್ಟುಗಳ ಕಾಲದಲ್ಲಿ ಇಂಥ ಹಾಡಿಕೆಯು ಒಂದು ಮಗ್ಗುಲಿನ ಅಳತೆಗೆ ತುಂಡಾಗಬೇಕಾಯಿತು. ತುಂಡಾದಾಗ ಮೊದಲು ಹೋಗುವುದು ಪುನರಾವೃತ್ತಿಯೇ. ಈಗ ಹಾಗೆ ಕಡಿಯುವ ಕಾರಣವಿಲ್ಲ. ಹತ್ತು ಗಂಟೆಗಳ ಧ್ವನಿಮುದ್ರಣವೂ ಅಂಗೈಯಗಲದ ಸಾಧನದಲ್ಲಿ ಅಡಗುತ್ತದೆ.

ಹೀಗಿರುವಾಗ ಸ್ಟುಡಿಯೋವನ್ನು ಸಂಶೋಧನೆಯ ಉಪಕರಣವನ್ನಾಗಿ ಮಾಡಿಕೊಳ್ಳಬಹುದು. ಮುಮ್ಮೇಳದ ಕಂಠಕ್ಕೊಂದು, ತಂಬೂರಿಗೊಂದು, ಹಿಮ್ಮೇಳಕ್ಕೊಂದು ಬೇರೆ ಬೇರೆ ಮೈಕುಗಳನ್ನಿಟ್ಟು ರಾತ್ರಿಯ ಹಾಡಿಕೆಯನ್ನು ನಿಲ್ಲಿಸದೆ ಮುದ್ರಿಸಬೇಕು. ಅನಂತರ ಸಂಜೆಯ ಒಂದು ಸೊಲ್ಲನ್ನೂ ಬೆಳಗಿನ ಜಾವದ ಅದೇ ಸೊಲ್ಲನ್ನೂ ಗಣಕಯಂತ್ರದಲ್ಲಿ ಒಂದರ ಮೇಲೊಂದು ಇಟ್ಟು ಕೇಳಬೇಕು. ರೈಕ್‌ನು ಸಂಗೀತಕ್ಕಾಗಿ ಮಾಡಿದ ಉಪಾಯವು ಇಲ್ಲಿ ಅಳತೆಗೋಲಾಗುತ್ತದೆ. ಶ್ರುತಿ ಎಷ್ಟು ಏರಿತು, ಲಯ ಎಷ್ಟು ಚುರುಕಾಯಿತು, ಹಿಮ್ಮೇಳವು ಎಷ್ಟು ಮುಂದೊತ್ತಿತು ಎಂಬುದು ಕಿವಿಗೂ ಕಣ್ಣಿಗೂ ಗೋಚರವಾಗುತ್ತದೆ. ಪಠ್ಯವನ್ನು ಬರೆದುಕೊಳ್ಳುವಾಗ ಅಂಚಿನಲ್ಲಿ ಪ್ರತಿಯೊಂದು ಸೊಲ್ಲಿನ ಕ್ರಮಸಂಖ್ಯೆಯನ್ನೂ ಅದು ಆರಂಭವಾದ ನಿಮಿಷ ಸೆಕೆಂಡುಗಳನ್ನೂ ನಮೂದಿಸತಕ್ಕದ್ದು. ಇದನ್ನು ಹಾಡುಗಾರರ ಮುಂದೆಯೇ ಕುಳಿತು ಮತ್ತೆ ಕೇಳಿಸಿ, ಯಾವ ವ್ಯತ್ಯಾಸವನ್ನು ತಾವು ಬೇಕೆಂದೇ ಮಾಡಿದ್ದೆಂದು ಅವರು ಹೇಳುತ್ತಾರೆ, ಯಾವುದು ತಮಗೆ ತಿಳಿಯದೆಯೇ ಆಯಿತೆಂದು ಹೇಳುತ್ತಾರೆ ಎಂಬುದಕ್ಕೆ ಇನ್ನೊಂದು ಅಂಕಣವನ್ನು ಖಾಲಿ ಬಿಟ್ಟುಕೊಂಡಿರಬೇಕು.